ಹೊಟ್ಟೆಯೊಳಗೊಂದು ದೀಪ

ಕುಂಬ್ರ ಪೇಟೆಯಲ್ಲಿ ಬಸ್ಸಿಳಿದವರು ಔಷಧದಂಗಡಿಯಲ್ಲಿ ‘ಗ್ಯಾಸಿನ ಮಾತ್ರೆ’ ಕೇಳುವುದು ಹೊಸತೇನಲ್ಲ. ಹೊಟ್ಟೆಯೊಳಗೆ ಏನಾಗಿದೆಯೆಂದು ನೋಡುವವರಾರು?

ನೋಡಲು ಸಾಧ್ಯವಾದದ್ದು ಪಿಯುಸಿ ಮಕ್ಕಳು ಓದುವ ‘ಪೂರ್ಣ ಆಂತರಿಕ ಪ್ರತಿಫಲನ’ದಿಂದ. ಕೂದಲಿನಂಥ ಗಾಜಿನ ಎಳೆಯನ್ನು ಬಗ್ಗಿಸಿದರೂ ಬೆಳಕು ಒಳಗೊಳಗೇ ಪುಟಿಯುತ್ತ ಇನ್ನೊಂದು ತುದಿ ಸೇರುತ್ತದೆ. ಇಂಥ ಎಳೆಗಳ ಕಂತೆಯಲ್ಲಿ ಚಿತ್ರವನ್ನೇ ಕಳುಹಿಸಬಹುದೆಂದು 1954ರಲ್ಲಿ ಲಂಡನ್ನಿನಲ್ಲಿ ತೋರಿಸಿದವರಲ್ಲಿ ಪಂಜಾಬಿನ ನರೀಂದರ್ ಸಿಂಗ್ ಕಪಾನಿ ಒಬ್ಬರು. ಅದರಿಂದ ಪ್ರೇರಿತರಾಗಿ ಬೆಸಿಲ್ ಹಿರ್ಶೋವಿಟ್ಜ್ ಅಮೆರಿಕದಲ್ಲಿ ಬಾಗುವ ಎಂಡೋಸ್ಕೋಪ್ ರೂಪಿಸಿ, 1957ರಲ್ಲಿ ಮೊದಲು ತಾವೇ ನುಂಗಿದರು. ಈಗ ಅದರ ತುದಿಯಲ್ಲಿ ಪುಟ್ಟ ಕ್ಯಾಮರಾ ಇದೆ.

ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಇನ್ನೂ ಮುಂದೆ ಹೋದರು. ಜಠರದ ಹುಣ್ಣಿಗೆ ಖಾರ, ಚಿಂತೆಗಳೇ ಕಾರಣವೆಂದು ವೈದ್ಯರೂ ನಂಬಿದ್ದ ಕಾಲ. 1984ರಲ್ಲಿ ಅವರು ಎಂಡೋಸ್ಕೋಪಿ ಮಾಡಿಸಿ ತಮ್ಮ ಜಠರ ಸರಿಯಿದೆಯೆಂದು ಖಚಿತಪಡಿಸಿಕೊಂಡು, ಇಂದು ಹೆಲಿಕೊಬ್ಯಾಕ್ಟರ್ ಎನ್ನುವ ಬ್ಯಾಕ್ಟೀರಿಯಾ ತುಂಬಿದ ದ್ರವವನ್ನು ಕುಡಿದುಬಿಟ್ಟರು. (ಹೆಂಡತಿಗೆ ಮೊದಲೇ ಹೇಳಿರಲಿಲ್ಲವಂತೆ!) ಹತ್ತು ದಿನಗಳ ಬಳಿಕ ನೋಡಿದರೆ ಜಠರದಲ್ಲಿ ಉರಿಯೂತ, ಅದರ ತುಣುಕಿನಲ್ಲಿ ಅದೇ ಬ್ಯಾಕ್ಟೀರಿಯಾ. ರಾಬಿನ್ ವಾರೆನ್ ಅವರೊಂದಿಗೆ 2005ರ ನೊಬೆಲ್ ಬಂತು. ವರ್ಷಗಟ್ಟಲೆ ಕಾಡುತ್ತಿದ್ದ ಎಷ್ಟೋ ಹುಣ್ಣುಗಳು ಈಗ ಎರಡು ವಾರಗಳ ಔಷಧದಿಂದ ಮಾಯುತ್ತವೆ.

ಆದರೆ ಎಲ್ಲ ಹುಣ್ಣೂ ಬ್ಯಾಕ್ಟೀರಿಯಾದ್ದಲ್ಲ. ಸೊಂಟನೋವಿಗೆಂದು ದಿನಾ ನುಂಗುವ ಮಾತ್ರೆಯಿಂದಲೂ ಆಗುತ್ತದೆ. ಮಲ ಡಾಂಬರಿನಂತೆ ಕಪ್ಪಾದರೆ, ತೂಕ ಇಳಿಯುತ್ತಿದ್ದರೆ ಅಂಗಡಿಯ ಮಾತ್ರೆ ಸಾಲದು. ಮಂಗಳೂರಿಗೋ ಮಣಿಪಾಲಕ್ಕೋ ಹೋಗಿ ನಳಿಗೆ ನುಂಗಲು ಅಜ್ಜ ಹೆದರಿದರೆ ಮೊಮ್ಮಕ್ಕಳು ಹೇಳಲಿ: ಗಂಟಲು ಮರಗಟ್ಟಿಸುತ್ತಾರೆ, ಕೆಲವೇ ನಿಮಿಷಗಳ ಕೆಲಸ, ರಕ್ತ ಒಸರುತ್ತಿದ್ದರೆ ಅದೇ ನಳಿಗೆಯೊಳಗಿಂದ ಕ್ಲಿಪ್ ಹಾಕಿ ನಿಲ್ಲಿಸಲೂಬಹುದು.