ಖಲೀಫರ ಮೊಬೈಲ್

ಮಗು ನಗುತ್ತಾ ಪಾಠ ಕೇಳಿತೆಂದರೆ ಪಾಠ ಅದಕ್ಕೆ ಅರ್ಥವಾಗಿದೆ ಎಂದು ನೀವು ಭಾವಿಸುತ್ತೀರಾ? ನಾನೂ ಹಾಗೆಯೇ ಭಾವಿಸಿದ್ದೆ. ಒಂದು ಉತ್ತರ ಪತ್ರಿಕೆ ನನ್ನ ಕಣ್ಣು ತೆರೆಸಿತು.

ಆರನೆಯ ತರಗತಿಯ ಮಕ್ಕಳಿಗೆ ಉಸ್ತುರ್ಲಾಬ್ ಬಗ್ಗೆ ಹೇಳುತ್ತಿದ್ದೆ. ಇಂಗ್ಲಿಷಿನಲ್ಲಿ ಇದನ್ನೇ ಆಸ್ಟ್ರೋಲೇಬ್ ಎನ್ನುತ್ತಾರೆ. ಗ್ರೀಕರಿಂದ ಬಂದ ಈ ಯಂತ್ರವನ್ನು ಬಗ್ದಾದಿನಿಂದ ಸ್ಪೇನ್‌ವರೆಗಿನ ಮುಸ್ಲಿಮ್ ವಿದ್ವಾಂಸರು ಮತ್ತು ಕುಶಲಕರ್ಮಿಗಳು ಬಹಳ ಸುಧಾರಿಸಿದರು. ನೋಡಲು ಅಂಗೈಯಗಲದ ಹಿತ್ತಾಳೆಯ ಬಿಲ್ಲೆ. ಸೂರ್ಯನ ಅಥವಾ ನಕ್ಷತ್ರದ ಎತ್ತರವನ್ನು ಅದರಿಂದ ಅಳೆದು ಗಂಟೆ ಎಷ್ಟಾಯಿತು, ಸೂರ್ಯಾಸ್ತ ಯಾವಾಗ, ನಮಾಝಿನ ವೇಳೆ ಯಾವುದು ಎಂದು ತಿಳಿಯುತ್ತಿದ್ದರು.

ನಾನು ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಆಕಳಿಕೆ ಶುರುವಾಯಿತು. ಉಪಾಯ ಹೊಳೆಯಿತು. "ಮಕ್ಕಳೇ, ಇದು ಆ ಕಾಲದ ಮೊಬೈಲ್!" ಎಂದೆ. ತರಗತಿಗೆ ತರಗತಿಯೇ ನೆಟ್ಟಗೆ ಕುಳಿತಿತು. "ಉಸ್ತಾದರೇ, ಚಾರ್ಜರ್ ಎಲ್ಲಿ?" ಎಂದು ಒಬ್ಬ ಕೇಳಿದ. "ಆಕಾಶದಲ್ಲಿ" ಎಂದೆ. ಎಲ್ಲರೂ ನಕ್ಕರು. ಒಳ್ಳೆಯ ಪಾಠ ಮಾಡಿದೆ ಎಂಬ ಖುಷಿಯಲ್ಲಿ ಮನೆಗೆ ಬಂದೆ.

ಮುಂದಿನ ವಾರದ ಪರೀಕ್ಷೆಯಲ್ಲಿ ಒಬ್ಬ ಹುಡುಗ ಹೀಗೆ ಬರೆದಿದ್ದ: "ಖಲೀಫರು ಉಸ್ತುರ್ಲಾಬ್‌ನಲ್ಲಿ ದೂರದ ಊರಿನ ಗವರ್ನರ್‌ಗಳೊಂದಿಗೆ ಮಾತನಾಡುತ್ತಿದ್ದರು." ನಾನು ಅದನ್ನು ಗಟ್ಟಿಯಾಗಿ ಓದಿಬಿಟ್ಟೆ. ಮತ್ತೆ ಎಲ್ಲರೂ ನಕ್ಕರು. ಅವನು ಮಾತ್ರ ತಲೆ ತಗ್ಗಿಸಿದ. ಆಮೇಲೆ ಹಲವು ದಿನ ಅವನು ಪ್ರಶ್ನೆ ಕೇಳಲು ಕೈ ಎತ್ತಲಿಲ್ಲ.

ತಪ್ಪು ಯಾರದು? ಉಸ್ತಾದ್ ಹೇಳಿದ್ದನ್ನು ಅವನು ನಂಬಿದ್ದ, ಅಷ್ಟೇ. ಹೋಲಿಕೆ ಎಲ್ಲಿ ಶುರುವಾಗುತ್ತದೆ ಎಂದು ನಾನು ಹೇಳಿದ್ದೆ. ಎಲ್ಲಿ ಮುಗಿಯುತ್ತದೆ ಎಂದು ಹೇಳಿರಲಿಲ್ಲ. ಅದರ ಮೇಲೆ, ವಸ್ತುವಿನ ಕುರಿತ ತಮಾಷೆಯನ್ನು ಮಗುವಿನ ಮೇಲೆ ತಿರುಗಿಸಿದ್ದೆ.

ಹಾಗಾದರೆ ತಮಾಷೆಯೂ ಹೋಲಿಕೆಯೂ ಬೇಡವೇ? ಖಂಡಿತ ಬೇಕು. ಉಸ್ತುರ್ಲಾಬನ್ನು ಬಳಸಿದವರೇ ಅದರ ಭಾಗಗಳಿಗೆ ಎಂಥ ಹೆಸರಿಟ್ಟಿದ್ದರು ನೋಡಿ. ಎಲ್ಲವನ್ನೂ ತನ್ನೊಳಗೆ ಹಿಡಿದಿಟ್ಟುಕೊಳ್ಳುವ ದಪ್ಪ ತಟ್ಟೆಯ ಹೆಸರು 'ಉಮ್ಮ್', ಅಂದರೆ ತಾಯಿ. ನಕ್ಷತ್ರಗಳ ಸ್ಥಾನ ತೋರಿಸುವ, ಬಲೆಯಂತೆ ಕೊರೆದ ಬಿಲ್ಲೆ 'ಅನ್ಕಬೂತ್', ಅಂದರೆ ಜೇಡ. ಎಲ್ಲವನ್ನೂ ಬಿಗಿಯುವ ಸಣ್ಣ ಬೆಣೆ 'ಫರಸ್', ಅಂದರೆ ಕುದುರೆ. ಮೇಲಿನ ಹಿಡಿಕೆಯ ಭಾಗ 'ಕುರ್ಸೀ'. ತಾಯಿ, ಜೇಡ, ಕುದುರೆ, ಕುರ್ಚಿ! ಕಷ್ಟದ ಯಂತ್ರವನ್ನು ಮನೆ, ಅಂಗಳದ ಹೆಸರುಗಳಿಂದ ಪರಿಚಯಿಸುವ ಜಾಣ್ಮೆ ನಮ್ಮದಲ್ಲ, ಅವರದ್ದೇ.

ಮರುದಿನ ನಾನು ತರಗತಿಯಲ್ಲಿ, "ತಪ್ಪು ನನ್ನದು. ಇದು ಯಾವ ವಿಷಯದಲ್ಲಿ ಮೊಬೈಲ್‌ನಂತೆ, ಯಾವ ವಿಷಯದಲ್ಲಿ ಅಲ್ಲ ಎಂದು ನೀವೇ ಹೇಳಿ" ಎಂದೆ. ಕರಿಹಲಗೆಯ ಮೇಲೆ ಎರಡು ಸಾಲು ಮಾಡಿದೆವು. ಕೈಯಲ್ಲಿ ಹಿಡಿಯಬಹುದು, ಸಮಯ ತೋರಿಸುತ್ತದೆ, ಇವು ಒಂದು ಕಡೆ. ಮಾತನಾಡಲಾಗದು, ಮೋಡ ಕವಿದರೆ ಉಪಯೋಗವಿಲ್ಲ, ಇವು ಇನ್ನೊಂದು ಕಡೆ. ಒಳಗಿನ ತಟ್ಟೆಗಳನ್ನು ಊರಿಗೆ ತಕ್ಕಂತೆ ಬದಲಿಸಬೇಕು ಎಂದಾಗ "ಸಿಮ್ ಬದಲಿಸಿದ ಹಾಗೆ" ಎಂದಳು ಒಬ್ಬ ಹುಡುಗಿ. ಸರಿ, ಆದರೆ ಏಕೆ ಬದಲಿಸಬೇಕು? ಬಗ್ದಾದ್ ಇರುವುದು ಸುಮಾರು 33 ಡಿಗ್ರಿ ಅಕ್ಷಾಂಶದಲ್ಲಿ, ನಮ್ಮ ಮಂಗಳೂರು ಸುಮಾರು 13ರಲ್ಲಿ. ಅಲ್ಲಿನ ಆಕಾಶ ಇಲ್ಲಿನ ಹಾಗೆ ಕಾಣುವುದಿಲ್ಲ.

ಇದನ್ನು ಬಾಯಿಮಾತಿನಲ್ಲಿ ಬಿಡಲಿಲ್ಲ. ಎಪ್ರಿಲ್ ತಿಂಗಳ ಒಂದು ರಾತ್ರಿ, ಇಶಾ ನಮಾಝಿನ ಬಳಿಕ ಮಕ್ಕಳನ್ನು ಬಯಲಿಗೆ ಕರೆದೊಯ್ದೆ. ಜಾಮಿಟ್ರಿ ಪೆಟ್ಟಿಗೆಯ ಕೋನಮಾಪಕದ ನಡುವಿಗೆ ನೂಲು ಕಟ್ಟಿ, ನೂಲಿನ ತುದಿಗೆ ಕಲ್ಲು ಕಟ್ಟಿದೆವು. ನೇರ ಅಂಚಿನ ಮೂಲಕ ಧ್ರುವ ನಕ್ಷತ್ರವನ್ನು ನೋಡಬೇಕು. ನೂಲು 90ರಿಂದ ಎಷ್ಟು ಸರಿದಿದೆಯೋ ಅಷ್ಟೇ ನಕ್ಷತ್ರದ ಎತ್ತರ, ಹೆಚ್ಚುಕಡಿಮೆ ಅಷ್ಟೇ ನಮ್ಮೂರಿನ ಅಕ್ಷಾಂಶ. ಒಬ್ಬನಿಗೆ 11 ಬಂತು, ಒಬ್ಬಳಿಗೆ 15. ತಲೆ ತಗ್ಗಿಸಿದ್ದ ಆ ಹುಡುಗ ಮೂರು ಸಲ ಅಳೆದು 13 ಎಂದ. "ಉಸ್ತಾದರೇ, ಇದಕ್ಕೆ ನೆಟ್‌ವರ್ಕೇ ಬೇಡ!" ಎಂದು ಅವನೇ ಕೂಗಿದಾಗ ನನ್ನ ಎದೆ ಹಗುರವಾಯಿತು.

ಇಂಗ್ಲೆಂಡಿನ ಮಹಾಕವಿ ಚಾಸರ್ 1391ರಲ್ಲಿ ಇದೇ ಯಂತ್ರದ ಕುರಿತು ಒಂದು ಪುಸ್ತಕ ಬರೆಯತೊಡಗಿದ. ಯಾರಿಗಾಗಿ? ಹತ್ತು ವರ್ಷದ ತನ್ನ ಮಗ ಲೂಯಿಸ್‌ಗಾಗಿ. ಹುಡುಗನಿಗೆ ಲ್ಯಾಟಿನ್ ಅಷ್ಟಾಗಿ ಬಾರದೆಂದು ಮನೆಮಾತಾದ ಇಂಗ್ಲಿಷಿನಲ್ಲೇ ಸರಳವಾಗಿ ಬರೆದ. ಪುಸ್ತಕ ಪೂರ್ತಿಯಾಗಲಿಲ್ಲ. ಆದರೂ ಒಬ್ಬ ತಂದೆ ಮಗನಿಗಾಗಿ ಪಟ್ಟ ಆ ಶ್ರಮವನ್ನು ಜನ ಇಂದಿಗೂ ಓದುತ್ತಾರೆ.

ತಾಯಂದಿರೇ, ತಂದೆಯಂದಿರೇ, ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಸೇರು, ಲಾಟೀನು, ಬೀಸುವ ಕಲ್ಲು ಇರಬಹುದು. ಮಕ್ಕಳಿಗೆ ತೋರಿಸಿ. ಬೀಸುವ ಕಲ್ಲನ್ನು "ಅಜ್ಜಿಯ ಮಿಕ್ಸಿ" ಎಂದು ನಗಿಸಿ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಒಂದು ಹಿಡಿ ಅಕ್ಕಿ ಹಾಕಿ, ಮಗುವಿನ ಕೈಗೆ ಗೂಟ ಕೊಡಿ. ಹತ್ತು ಸುತ್ತು ತಿರುಗಿಸಿದ ಮೇಲೆ ಅಜ್ಜಿಯ ತೋಳಿನ ಬಗ್ಗೆ ನೀವು ಪಾಠ ಮಾಡಬೇಕಾಗಿಲ್ಲ.