ಬೇಬ್ ರೂತ್‌ನ ಬ್ಯಾಟಿಗೆ ಗರಗಸ ಹಾಕಬಾರದಿತ್ತು

ಅಮೆರಿಕದ ಲೂಯಿವಿಲ್ ನಗರದ ಬ್ಯಾಟ್ ಮ್ಯೂಸಿಯಂನಲ್ಲಿ ಬೇಬ್ ರೂತ್ 1927ರಲ್ಲಿ ಆಡಿದ ಬೇಸ್‌ಬಾಲ್ ಬ್ಯಾಟೊಂದಿದೆ. ಕಂಪನಿಯ ಮುದ್ರೆಯ ಸುತ್ತ ಕೊರೆದ ಸಣ್ಣ ಸಣ್ಣ ಗೀರುಗಳನ್ನು ಎಣಿಸಿದರೆ 21. ಹೋಮ್ ರನ್ನಿಗೊಂದರಂತೆ, ಅಂದರೆ ಕ್ರಿಕೆಟಿನ ಸಿಕ್ಸರಿನಂಥ ಹೊಡೆತಕ್ಕೊಂದರಂತೆ, ರೂತ್ ಇಟ್ಟ ಲೆಕ್ಕವದು. ಆ ವರ್ಷ ಅವನು ಒಟ್ಟು 60 ಹೋಮ್ ರನ್ ಬಾರಿಸಿದ. ಒಂದೇ ಋತುವಿನ ಆ ದಾಖಲೆ 1961ರವರೆಗೂ ಅಲುಗಾಡಲಿಲ್ಲ.

ಅವನದೇ ಇನ್ನೊಂದು ಬ್ಯಾಟಿನ ಗತಿ ಬೇರೆಯಾಯಿತು. ಅಭಿಮಾನಿಗಳು ಸಂಗ್ರಹಿಸುವ ಆಟಗಾರರ ಚಿತ್ರದ ಕಾರ್ಡುಗಳನ್ನು ಮಾರುವ ಅಪ್ಪರ್ ಡೆಕ್ ಎಂಬ ಕಂಪನಿ ಅದನ್ನು 23,000 ಡಾಲರಿಗೆ ಕೊಂಡು, ಚೂರು ಚೂರಾಗಿ ಕತ್ತರಿಸಿ, ಚೂರುಗಳನ್ನು ಕಾರ್ಡುಗಳಲ್ಲಿ ಹುದುಗಿಸಿ 1999ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. 2003ರಲ್ಲಿ ಡಾನ್‌ರಸ್ ಎಂಬ ಮತ್ತೊಂದು ಕಂಪನಿ ರೂತ್ ತೊಟ್ಟಿದ್ದ ಜೆರ್ಸಿಯನ್ನು ಎರಡೂವರೆ ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ಕೊಂಡು, ಅದಕ್ಕೂ ಕತ್ತರಿ ಹಾಕಿತು.

ಇದು ತಪ್ಪು.

ಸಾಮಾನ್ಯ ಅಭಿಮಾನಿಗೂ ಇತಿಹಾಸದ ಒಂದು ತುಣುಕು ದಕ್ಕಲಿ ಎಂಬುದು ಇದನ್ನು ಒಪ್ಪುವವರ ವಾದ. ಆಸೆಯೇನೋ ನ್ಯಾಯವಾದದ್ದೇ. ಆದರೆ ಉಗುರಿನಷ್ಟು ಮರದ ಚೂರಿನಲ್ಲಿ ಇತಿಹಾಸ ಎಲ್ಲಿ ಉಳಿದೀತು? ಆಡಿದ ಬ್ಯಾಟನ್ನು ಓದಬೇಕೆಂದರೆ ಅದು ಇಡಿಯಾಗಿರಬೇಕು. ಚೆಂಡು ಬಡಿದ ಗುರುತು ಎಲ್ಲಿ ಒತ್ತಾಗಿದೆ, ಹಿಡಿಯ ಬಳಿ ಬಿರುಕು ಹೇಗೆ ಬಿಟ್ಟಿದೆ, ಉದ್ದವೆಷ್ಟು, ತೂಕವೆಷ್ಟು ಎಂಬುದನ್ನೆಲ್ಲ ಪರಿಣತರು ಕಾರ್ಖಾನೆಯ ಹಳೆಯ ದಾಖಲೆಗಳೊಂದಿಗೆ ತಾಳೆ ನೋಡುತ್ತಾರೆ. ಆಗಿನ ಆಟಗಾರರು ತಮಗೆ ಒಗ್ಗಿದ ಬ್ಯಾಟು ಮುರಿದರೆ ಅಂಥದ್ದೇ ಇನ್ನೊಂದು ಬೇಕೆಂದು ಅದನ್ನು ಕಾರ್ಖಾನೆಗೆ ವಾಪಸ್ ಕಳಿಸುತ್ತಿದ್ದರು. ಅಲ್ಲಿನ ಕೆಲಸಗಾರರು ಮರದ ಮೇಲೆಯೇ ಆಟಗಾರನ ಹೆಸರು, ಬಂದ ತಾರೀಖು ಗೀಚಿಡುತ್ತಿದ್ದರು. ಗರಗಸ ಆಡಿದರೆ ಈ ಸಾಕ್ಷ್ಯವೆಲ್ಲ ಹೊಟ್ಟಾಗಿ ಹೋಗುತ್ತದೆ.

ಇಡಿಯಾಗಿ ಉಳಿದ ಬ್ಯಾಟು ಏನೆಲ್ಲ ಹೇಳಬಲ್ಲದು ಎಂಬುದಕ್ಕೆ ರೂತ್‌ನದೇ ಉದಾಹರಣೆಯಿದೆ. 1923ರ ಏಪ್ರಿಲ್ 18ರಂದು ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂ ಮೊದಲ ಪಂದ್ಯ ಕಂಡಿತು. ಎದುರಾಳಿ ಬಾಸ್ಟನ್ ರೆಡ್ ಸಾಕ್ಸ್. ಮೂರು ವರ್ಷಗಳ ಹಿಂದೆಯಷ್ಟೇ ರೂತ್‌ನನ್ನು ನ್ಯೂಯಾರ್ಕಿಗೆ ಮಾರಿದ್ದ ತಂಡ. ಮೂರನೆಯ ಇನ್ನಿಂಗ್ಸ್‌ನಲ್ಲಿ ರೂತ್ ಆ ಮೈದಾನದ ಮೊಟ್ಟಮೊದಲ ಹೋಮ್ ರನ್ ಬಾರಿಸಿದ. ಬಾಲ್ಟಿಮೋರಿನ ಬಡಾವಣೆಯಲ್ಲಿ ಅಂಕೆ ಮೀರಿದ್ದಾನೆಂದು ಏಳನೆಯ ವಯಸ್ಸಿನಲ್ಲೇ ವಸತಿಶಾಲೆಗೆ ಸೇರಿಸಲ್ಪಟ್ಟು, ಅಲ್ಲೇ ಈ ಆಟ ಕಲಿತ ಹುಡುಗ ಅವನು. ಅದಕ್ಕೇ ಇರಬೇಕು, ಆ ಬ್ಯಾಟನ್ನೂ ಅವನು ಹುಡುಗನೊಬ್ಬನಿಗೇ ಕೊಟ್ಟ. ಲಾಸ್ ಏಂಜಲಿಸ್‌ನಲ್ಲಿ ಹೋಮ್ ರನ್ ಸ್ಪರ್ಧೆ ಗೆದ್ದ ಶಾಲಾ ಬಾಲಕನಿಗೆ ಬಹುಮಾನವಾಗಿ, ಮರದ ಮೇಲೆ ಒಕ್ಕಣೆ ಬರೆದು, ಸಹಿ ಹಾಕಿ ಕಳಿಸಿದ. ಆ ಬರಹ ಮಾಸದೆ ಉಳಿದ ಬ್ಯಾಟು 2004ರ ಹರಾಜಿನಲ್ಲಿ 12 ಲಕ್ಷ 65 ಸಾವಿರ ಡಾಲರಿಗೆ ಹೋಯಿತು.

ಇಂದಿನ ಆಟಗಾರರು ಒಂದೇ ಋತುವಿನಲ್ಲಿ ಡಜನ್‌ಗಟ್ಟಲೆ ಬ್ಯಾಟು ಬಳಸುತ್ತಾರೆ. ಕಾರ್ಡಿಗೆ ಚೂರು ಬೇಕೇಬೇಕಾದರೆ ಅವುಗಳಲ್ಲೇ ಮುರಿದದ್ದನ್ನು ಕಂಪನಿಗಳು ಬಳಸಲಿ. ರೂತ್‌ನಂಥವರ ಹಳೆಯ ಬ್ಯಾಟುಗಳನ್ನು ಹರಾಜಿಗಿಡುವವರು, ಕತ್ತರಿಸಕೂಡದೆಂಬ ಷರತ್ತನ್ನು ಮಾರಾಟದ ಕರಾರಿನಲ್ಲೇ ಬರೆಸಬೇಕು.