ನ್ಯಾಯಾಲಯದ ಹೊಸ್ತಿಲು

ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿರುವ ಕೆಂಬಣ್ಣದ ಅಠಾರಾ ಕಚೇರಿ 1868ರಲ್ಲಿ ಪೂರ್ಣಗೊಂಡಿತು. ಸರ್ಕಾರದ ಹದಿನೆಂಟು ಇಲಾಖೆಗಳಿಗಾಗಿ ಕಟ್ಟಿದ ಆ ಸೌಧದಲ್ಲಿ ಇಂದು ಉಚ್ಚ ನ್ಯಾಯಾಲಯವಿದೆ. ಅದರ ಕಂಬಸಾಲು ನೋಡುವವರಲ್ಲಿ ಗೌರವವನ್ನು ಮೂಡಿಸುತ್ತದೆ. ಆದರೆ ನ್ಯಾಯಾಲಯದ ಕಟ್ಟಡಕ್ಕೆ ಗಾಂಭೀರ್ಯವೊಂದೇ ಸಾಲದು.

ಅಲ್ಲಿಗೆ ಬರುವವರಲ್ಲಿ ಅನೇಕರು ಸಂಕಟಕ್ಕೆ ಸಿಲುಕಿದವರು. ಹಳ್ಳಿಯಿಂದ ಬಂದ ಕಕ್ಷಿದಾರನಿಗೆ ತನ್ನ ಮೊಕದ್ದಮೆ ನಡೆಯುವ ಕೊಠಡಿಯನ್ನು ಕನ್ನಡದ ಫಲಕ ತೋರಿಸಬೇಕು. ಕರೆ ಬರುವವರೆಗೆ ನೆರಳು, ನೀರು, ಶೌಚಾಲಯ ದೊರೆಯಬೇಕು. ಸಾಕ್ಷಿ ನುಡಿಯಬಂದವಳು ಆರೋಪಿಯ ಎದುರಿನಲ್ಲೇ ಕಾದು ಕುಳಿತರೆ ಅವಳ ಮಾತು ಗಂಟಲಲ್ಲೇ ಉಡುಗೀತು. ಅವಳಿಗೆ ಪ್ರತ್ಯೇಕ ಕೊಠಡಿ ಬೇಕು. ಮೆಟ್ಟಿಲು ಹತ್ತಲಾರದವರಿಗೆ ಇಳಿಜಾರು ದಾರಿ ಬೇಕು. ಸಾರ್ವಜನಿಕ ಕಟ್ಟಡಗಳು ಅವರಿಗೂ ಸುಗಮವಾಗಿರಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ವಿಧಿಸಿದೆ.

ನಕ್ಷೆ ಬರೆಯುವವರು ಮೊದಲು ಕಕ್ಷಿದಾರನು ಕಾಲಿಡುವ ಹೊಸ್ತಿಲನ್ನು ಗುರುತಿಸಿ, ಅನಂತರ ನ್ಯಾಯಪೀಠದ ಎತ್ತರವನ್ನು ನಿರ್ಧರಿಸುವುದು ಉಚಿತ.